ನಾಲ್ಕು ಕಿಲೋಮೀಟರ್ ಕಾರು, ಅರ್ಧ ಗೇಣು ಬಣ್ಣ

ಒಂದು ಸಾಧಾರಣ ಸಿಲ್ವರ್ ಕಾರು ತೆಗೆದುಕೊಳ್ಳಿ. ಗಾಜು, ಟೈರು ಬಿಟ್ಟು ಬಣ್ಣ ಬಳಿದ ಹೊರಮೈ ಸುಮಾರು 10 ಚದರ ಮೀಟರ್. ಆ ಮೈಮೇಲೆ ಕೂತ ಸಿಲ್ವರ್ ಪದರದ ದಪ್ಪ ಹೆಚ್ಚುಕಡಿಮೆ 15 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 15 ಪಾಲು. ಗುಣಿಸಿ ನೋಡಿ: 150 ಮಿಲಿಲೀಟರ್. ಶೋರೂಮಿನಲ್ಲಿ ಮನೆಮಂದಿಯೆಲ್ಲ ಕೂತು, ಒಬ್ಬರಿಗೆ ಕೆಂಪು ಬೇಕು, ಇನ್ನೊಬ್ಬರಿಗೆ ಬಿಳಿಯೇ ಆಗಬೇಕು ಎಂದು ಜಗಳವಾಡಿ, ಕೊನೆಗೆ ಒಪ್ಪಿಕೊಂಡು ತಂದ ಆ ಬಣ್ಣ ಪೂರ್ತಿ ಒಂದು ಕಾಫಿ ಲೋಟದಲ್ಲಿ ಹಿಡಿಯುತ್ತದೆ.

ಅದರ ಮೇಲೆ ಬಣ್ಣವೇ ಇಲ್ಲದ ಇನ್ನೊಂದು ಪದರವಿದೆ. ಪೇಂಟ್ ಶೆಡ್ಡಿನವರು ಅದನ್ನು ಬರೀ ‘ಕ್ಲಿಯರ್’ ಎನ್ನುತ್ತಾರೆ. ದಪ್ಪ 40 ಮೈಕ್ರಾನಿನ ಆಸುಪಾಸು; ಇಡೀ ಕಾರಿಗೆ 400 ಮಿಲಿಲೀಟರ್, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಕಡಿಮೆ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಅತ್ತಿಬೆಲೆಯ ಟೋಲ್ ಗೇಟಿನ ಆಚೀಚೆ ಟಿಂಕರಿಂಗ್, ಪೇಂಟಿಂಗ್, ವಾಟರ್ ವಾಶ್ ಎಂದು ಬೋರ್ಡು ಹಾಕಿದ ಶೆಡ್ಡುಗಳಿಗೆ ‘ಕಲರ್ ಡಲ್ ಆಗಿದೆ’ ಎಂದು ಬರುವ ಕಾರುಗಳಲ್ಲಿ ಸಾಮಾನ್ಯವಾಗಿ ಕಲರಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಈ ನಾನೂರು ಮಿಲಿಲೀಟರಿನ ಮೇಲ್ಮೈ ಮಾತ್ರ. ಅದರಲ್ಲಿ ಎಷ್ಟನ್ನು ತೆಗೆದರೆ ಹಳೆಯ ಹೊಳಪು, ಹಳೆಯ ಆಳ ವಾಪಸು ಬರುತ್ತದೆ ಎನ್ನುವುದೇ ಈ ಕಸುಬಿನ ಲೆಕ್ಕ. ಉತ್ತರ ಕೇಳಿದರೆ ನಂಬುವುದು ಕಷ್ಟ.

ಮೈಕ್ರಾನಿನಲ್ಲಿ ಮಾತಾಡಿದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಹಾಗಾಗಿ ಕಾರನ್ನು ಸಾವಿರ ಪಟ್ಟು ಹಿಗ್ಗಿಸೋಣ. ಆಗ ಒಂದು ಮೈಕ್ರಾನ್ ಒಂದು ಮಿಲಿಮೀಟರ್ ಆಗುತ್ತದೆ, ನಾಲ್ಕು ಮೀಟರಿನ ಕಾರು ನಾಲ್ಕು ಕಿಲೋಮೀಟರ್ ಆಗುತ್ತದೆ. ಹಿಂದಿನ ಬಂಪರ್ ಅತ್ತಿಬೆಲೆಯ ಗಡಿಯಲ್ಲಿಟ್ಟರೆ ಮುಂದಿನದು ಜೂಜುವಾಡಿ ದಾಟಿ ಹೊಸೂರಿನ ಕಡೆ ಚಾಚಿಕೊಂಡಿರುತ್ತದೆ; ಒಂದೇ ಕಾರು, ಎರಡು ರಾಜ್ಯ. ಅದರ ರೂಫು ನೆಲದಿಂದ ಒಂದೂವರೆ ಕಿಲೋಮೀಟರ್ ಮೇಲೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರ. ಈ ದೈತ್ಯನ ಬಾಗಿಲಿನ ತಗಡು ಒಂದೂವರೆ ಮೊಳ ದಪ್ಪ. ಅದರ ಮೇಲೆ ತುಕ್ಕು ತಡೆಯುವ ಮೊದಲ ಪದರ, ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಇನ್ನೂರು ಮುನ್ನೂರು ವೋಲ್ಟ್ ಕರೆಂಟು ಹಾಯಿಸಿ ಕೂರಿಸಿದ್ದು, ಎರಡು ಸೆಂಟಿಮೀಟರ್. ಆಮೇಲೆ ಪ್ರೈಮರ್, ಮೂರೂವರೆ. ಬಣ್ಣ, ಒಂದೂವರೆ. ಕ್ಲಿಯರ್, ನಾಲ್ಕು. ಎಲ್ಲ ಕೂಡಿಸಿ ಹನ್ನೊಂದು ಸೆಂಟಿಮೀಟರ್: ನಾಲ್ಕು ಕಿಲೋಮೀಟರ್ ಕಾರಿಗೆ ಅರ್ಧ ಗೇಣು ಬಣ್ಣ. ನಮ್ಮ ಇಡೀ ಕಥೆ ನಡೆಯುವುದು ಮೇಲಿನ ಎರಡು ಬೆರಳಿನೊಳಗೆ. ಇನ್ನು ಮುಂದೆ ‘ಹಿಗ್ಗಿಸಿದ ಕಾರು’ ಎಂದಾಗಲೆಲ್ಲ ಇದನ್ನೇ ನೆನೆಸಿಕೊಳ್ಳಿ.

ಸಿಲ್ವರ್ ಆಗಲಿ, ಮೆಟಾಲಿಕ್ ಗ್ರೇ ಆಗಲಿ, ಹೊಳೆಯುವುದು ಬಣ್ಣದಲ್ಲಿ ಕಲಸಿದ ಅಲ್ಯೂಮಿನಿಯಂ ಚೂರುಗಳಿಂದ. ಚೂರು ಎಂದರೆ ಪುಡಿಯಲ್ಲ, ಚಪ್ಪಟೆ ಹಾಳೆ. ಅಗಲ 15 ಮೈಕ್ರಾನ್, ದಪ್ಪ 0.3 ಮೈಕ್ರಾನ್ ಎಂದಿಟ್ಟುಕೊಳ್ಳಿ. ಇದಕ್ಕಿಂತ ದೊಡ್ಡವೂ ಚಿಕ್ಕವೂ ಇವೆ. ಹಿಗ್ಗಿಸಿದ ಕಾರಿನಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ, ಕಾರ್ಡಿನಷ್ಟು ತೆಳುವಾದ ಬಿಲ್ಲೆಗಳು. ನಿಜವಾದ ಕಾರಿನಲ್ಲಿ ಒಂದು ಗ್ರಾಂ ಅಲ್ಯೂಮಿನಿಯಂನಲ್ಲಿ ಇಂಥ ಹಾಳೆಗಳು ಸುಮಾರು 700 ಕೋಟಿ. ಭೂಮಿಯ ಮೇಲಿನ ಜನಸಂಖ್ಯೆ 800 ಕೋಟಿ ದಾಟಿದೆ. ಇನ್ನೊಂಚೂರು ಹಾಕಿದರೆ ತಲೆಗೊಂದು ಹಂಚಬಹುದು. ಒಂದು ಗ್ರಾಂ ಹಾಳೆಯನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಹೋದರೆ ಒಂದೂಕಾಲು ಚದರ ಮೀಟರ್ ಮುಚ್ಚುತ್ತದೆ, ಅಂದರೆ ಒಂದು ಬಾನೆಟ್. ಇಡೀ ಕಾರನ್ನು ಒಂದೇ ಒಂದು ಸಾಲು ಮುಚ್ಚಲು 8 ಗ್ರಾಂ, 5,600 ಕೋಟಿ ಹಾಳೆ. ಒಂದು ಸಾಲು ಸಾಲದು, ಸಂದಿಯಲ್ಲಿ ಪ್ರೈಮರ್ ಇಣುಕುತ್ತದೆ. ಒಂದರ ಮೇಲೊಂದು ಹಲವು ಸಾಲು ಬೇಕು. ಆದರೂ ಒಂದು ಕಾರಿನ ಅಷ್ಟೂ ಥಳಕಿಗೆ ಬೇಕಾದ ಲೋಹ ಗ್ರಾಂಗಳ ಲೆಕ್ಕದ್ದು.

ಇಷ್ಟು ಕೋಟಿ ಹಾಳೆಗಳನ್ನು ಮಟ್ಟಸವಾಗಿ ಮಲಗಿಸುವವರು ಯಾರು? ಯಾರೂ ಇಲ್ಲ. ಗನ್ನಿನಿಂದ ಸಿಡಿದ ಬಣ್ಣದಲ್ಲಿ ಬಹುಪಾಲು ಥಿನ್ನರ್. ಅದು ಹಾರಿಹೋಗುತ್ತಿದ್ದಂತೆ ಪದರ ನಾಲ್ಕರಲ್ಲೊಂದು ಭಾಗಕ್ಕೂ ಕಮ್ಮಿಯಾಗಿ ಕುಗ್ಗುತ್ತದೆ, ಮೇಲಿನಿಂದ ಅಮುಕಿದಂತಾಗಿ ಹಾಳೆಗಳು ತಾವಾಗಿಯೇ ಮಲಗುತ್ತವೆ. ಪೂರ್ತಿ ಅಲ್ಲ, ಒಂದೊಂದು ಎರಡು ಮೂರು ಡಿಗ್ರಿ ವಾರೆ. ಆ ವಾರೆಯಲ್ಲೇ ಮೆಟಾಲಿಕ್‌ನ ಮೋಡಿ ಇರುವುದು. ನಿಮ್ಮ ಎರಡು ಕಣ್ಣುಗಳ ನಡುವೆ ಆರು ಚಿಲ್ಲರೆ ಸೆಂಟಿಮೀಟರ್ ಅಂತರವಿದೆ. ಎಡಗಣ್ಣಿಗೆ ಮಿಂಚುವ ಹಾಳೆ ಬಲಗಣ್ಣಿಗೆ ಮಿಂಚುವುದಿಲ್ಲ, ಅದಕ್ಕೆ ಬೇರೆಯದೇ ಮಿಂಚುತ್ತದೆ. ಎರಡು ಚಿತ್ರ ಹೊಂದಿಸಲಾಗದ ಮಿದುಳು ‘ಇದು ಒಳಗೆಲ್ಲೋ ಆಳದಲ್ಲಿದೆ’ ಎಂದು ತೀರ್ಮಾನಿಸುತ್ತದೆ. ಒಳ್ಳೆಯ ಮೆಟಾಲಿಕ್ ಬಾನೆಟ್ಟಿನ ಮೇಲೆ ಬಗ್ಗಿ ನೋಡಿದಾಗ ಕೈ ಹಾಕಿದರೆ ಮೊಣಕೈವರೆಗೆ ಇಳಿದೀತು ಅನ್ನಿಸುತ್ತದಲ್ಲ, ಆ ಆಳದ ನಿಜವಾದ ಅಳತೆ 55 ಮೈಕ್ರಾನ್. ತಲೆಗೂದಲಿನ ದಪ್ಪ ಅದಕ್ಕಿಂತ ಹೆಚ್ಚಿರಬಹುದು.

ಇಲ್ಲಿ ಅತ್ತಿಬೆಲೆಗೆ ಸಂಬಂಧಪಟ್ಟ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ದೀಪಾವಳಿ ಬಂತೆಂದರೆ ಬೆಂಗಳೂರಿನವರು ಪಟಾಕಿಗೆ ಗಡಿಯವರೆಗೆ ಬರುವುದು ಹಳೆಯ ರೂಢಿ. ಪಟಾಕಿಯಲ್ಲಿ ಕಣ್ಣು ಕುಕ್ಕುವ ಬಿಳಿ ಬೆಳಕು ಕೊಡುವುದೂ ಅಲ್ಯೂಮಿನಿಯಂ ಪುಡಿಯೇ. ತುಂಡಾಗಿದ್ದಾಗ ಪಾತ್ರೆಯಾಗಿ ಒಲೆಯ ಮೇಲೆ ಕೂರುವ ಲೋಹವನ್ನು ಗ್ರಾಂಗೆ ಎರಡೂವರೆ ಚದರ ಮೀಟರ್ ಆಗುವಷ್ಟು ತೆಳ್ಳಗೆ ಹರಡಿದರೆ (ಎರಡೂ ಬದಿ ಸೇರಿ) ಗಾಳಿಯ ಆಮ್ಲಜನಕ ಒಂದೇ ಕ್ಷಣಕ್ಕೆ ಎಲ್ಲ ಕಡೆಯಿಂದ ಹಿಡಿಯುತ್ತದೆ. 2023ರ ಅಕ್ಟೋಬರ್‌ನ ಪಟಾಕಿ ಅಂಗಡಿ ದುರಂತ ಈ ಊರು ಮರೆಯುವಂಥದ್ದಲ್ಲ; ಸಿಡಿಮದ್ದಿನ ಬಗ್ಗೆ ಇಲ್ಲಿ ಹಗುರವಾಗಿ ಬರೆಯಲು ಕೈ ಬಾರದು. ಪೇಂಟಿನ ಚರಿತ್ರೆಯಲ್ಲೂ ಇದೇ ಭಯವಿತ್ತು. ಒಣ ಲೋಹವನ್ನು ಕುಟ್ಟಿ ಹಾಳೆ ಮಾಡುತ್ತಿದ್ದ ಕಾಲದಲ್ಲಿ ದೂಳು ಹೊತ್ತಿಕೊಳ್ಳುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಎವೆರೆಟ್ ಹಾಲ್ ಎಂಬವರು ಅಲ್ಯೂಮಿನಿಯಂ ಜೊತೆ ದ್ರಾವಕ, ಜಿಡ್ಡು ಹಾಕಿ ಉಕ್ಕಿನ ಗುಂಡುಗಳಿರುವ ಡ್ರಮ್ಮಿನಲ್ಲಿ ಹಸಿಯಾಗಿಯೇ ಅರೆಯುವ ವಿಧಾನ ತಂದರು. ಇವತ್ತಿಗೂ ಪೇಂಟ್ ಕಂಪನಿಗಳಿಗೆ ಈ ಹಾಳೆಗಳು ಹೆಚ್ಚಾಗಿ ಬರುವುದು ಹಸಿ ಪೇಸ್ಟಿನ ರೂಪದಲ್ಲಿ.

ಇನ್ನು ಮಂಕಿನ ವಿಷಯ. ಗಾಳಿಯಿಂದ ಕ್ಲಿಯರಿಗೆ ಬಡಿಯುವ ಬೆಳಕಿನಲ್ಲಿ ನೂರಕ್ಕೆ 4 ಪಾಲು ಮೇಲಿನಿಂದಲೇ ತಿರುಗಿಹೋಗುತ್ತದೆ, 96 ಒಳಗಿಳಿಯುತ್ತದೆ. ಮೇಲ್ಮೈ ನಯವಾಗಿದ್ದರೆ ಆ ನಾಲ್ಕೂ ಒಂದೇ ದಿಕ್ಕಿಗೆ ಹೋಗಿ ಟ್ಯೂಬ್‌ಲೈಟಿನ, ಮರದ, ಮುಖದ ಪ್ರತಿಬಿಂಬ ಮೂಡುತ್ತದೆ. ಗೀರು ಬಿದ್ದರೆ ಅದು ದಿಕ್ಕಾಪಾಲಾಗಿ ಚೆದುರಿ, ಒಳಗಿನ ಕೋಟಿಗಟ್ಟಲೆ ಹಾಳೆಗಳ ಮಿಂಚಿನ ಮೇಲೆ ತೆಳುವಾಗಿ ಬೂದಿ ಎರಚಿದಂತಾಗುತ್ತದೆ. ಹಾಳಾದದ್ದು ನೂರರಲ್ಲಿ ನಾಲ್ಕು. ಹೋದದ್ದು ಕಾರಿನ ಕಳೆಯೆಲ್ಲ.

ಇದನ್ನು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಮಂಕಾದ ಬಾನೆಟ್ಟಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಹರಡಿದ ಕಡೆ ಕಾರು ಥಟ್ಟನೆ ಹೊಸದಾಗುತ್ತದೆ, ಒಣಗಿದೊಡನೆ ಮತ್ತೆ ಅದೇ ಬೂದು. ನೀರು ಗೀರಿನ ಸಂದಿಯಲ್ಲಿ ತುಂಬಿಕೊಂಡಾಗ ನೀರಿನಿಂದ ಕ್ಲಿಯರಿಗೆ ದಾಟುವ ಬೆಳಕಿನಲ್ಲಿ ಗೀರಿಗೆ ಬಡಿದು ಚೆದುರುವುದು ನೂರಕ್ಕೆ 0.4 ಕೂಡ ಇಲ್ಲ, ನಾಲ್ಕರ ಹತ್ತನೇ ಒಂದಕ್ಕಿಂತ ಕಮ್ಮಿ. ನೀರಿನ ಮೇಲ್ಮೈಯಂತೂ ತಾನಾಗಿ ನಯ. ಎಣ್ಣೆ, ಮೇಣ ಬೆರೆಸಿದ ಅಗ್ಗದ ಪಾಲಿಶ್‌ಗಳ ಗುಟ್ಟೂ ಇಷ್ಟೇ: ಗೀರಿನಲ್ಲಿ ಜಿಡ್ಡು ತುಂಬಿ ಕಾರನ್ನು ಗಿರಾಕಿಯ ಕೈಗೆ ಕೊಡುತ್ತಾರೆ, ನಾಲ್ಕು ವಾಶ್ ಆಗುವಷ್ಟರಲ್ಲಿ ಜಿಡ್ಡು ಮಾಯ. ನಿಜವಾಗಿ ಗೀರು ಹೋಗಿದೆಯೇ ಎಂದು ತಿಳಿಯಬೇಕಾದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಬೇಕು. ಈ ಪರೀಕ್ಷೆಗೆ ಒಪ್ಪದ ಶೆಡ್ಡಿಗೆ ಕಾರು ಬಿಡದಿರುವುದು ಮೇಲು.

ಬಿಸಿಲಿಗೆ ಹಿಡಿದಾಗ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆ ಕಾಣುತ್ತದೆ, ಸುತ್ತುಸುತ್ತಾದ ಗೀರು. ‘ಒರೆಸುವ ಹುಡುಗ ಸುತ್ತುಸುತ್ತಾಗಿ ಉಜ್ಜಿದ್ದಾನೆ’ ಎಂದು ಬೈಯುವವರಿದ್ದಾರೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಬಲೆಯೂ ನಿಮ್ಮ ಜೊತೆ ಸರಿಯುತ್ತದೆ. ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಬೆಳಕಿಗೆ ಅಡ್ಡಲಾಗಿ ಇರುವವು ಮಾತ್ರ ಹೊಳೆಯುವುದರಿಂದ ವೃತ್ತ ಕಾಣುತ್ತದೆ. ಹುಡುಗನ ತಪ್ಪೇನಾದರೂ ಇದ್ದರೆ ಅದು ಸುತ್ತಿದ್ದರಲ್ಲಿ ಇಲ್ಲ, ಒಣಬಟ್ಟೆಯಲ್ಲಿ ಇದೆ.

ಆ ಲೆಕ್ಕವನ್ನೂ ಹಾಕೋಣ. ಎಲೆಕ್ಟ್ರಾನಿಕ್ ಸಿಟಿ, ಚಂದಾಪುರದ ಅಪಾರ್ಟ್‌ಮೆಂಟುಗಳಲ್ಲಿ ತಿಂಗಳಿಗಿಷ್ಟು ಎಂದು ಮಾತಾಡಿಕೊಂಡು ಬೆಳಗಿನ ಜಾವ ಕಾರು ಒರೆಸುವವರಿದ್ದಾರೆ. ಒಂದು ಬಕೆಟ್, ಒಂದು ಬಟ್ಟೆ, ಸಾಲುಗಟ್ಟಲೆ ಕಾರು. ವರ್ಷಕ್ಕೆ 300 ದಿನ, ಹತ್ತು ವರ್ಷಕ್ಕೆ 3,000 ಬಾರಿ. ಪ್ರತಿಸಲ ಬಾನೆಟ್ಟಿನ ಮೇಲೆ ಮೀಟರ್ ಉದ್ದದ ಹತ್ತು ಎಳೆತ ಎಂದರೂ 30 ಕಿಲೋಮೀಟರ್ ಬಟ್ಟೆ ಎಳೆದಂತಾಯಿತು, ಅತ್ತಿಬೆಲೆಯಿಂದ ಬೆಂಗಳೂರಿನ ನಡುಮಧ್ಯಕ್ಕೆ ಹೋದಷ್ಟು ದೂರ. ಬಟ್ಟೆಯಡಿ ಸಿಕ್ಕಿಕೊಳ್ಳುವ ದೂಳು ಯಾವುದು? ಈ ಸೀಮೆಯ ನೆಲ ಪೆನಿನ್ಸುಲಾರ್ ನೈಸ್ ಎಂಬ ಪುರಾತನ ಶಿಲೆಯದು. ಲಾಲ್‌ಬಾಗಿನ ಬಂಡೆಯೂ ಅದೇ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ. ಆನೇಕಲ್ ಸುತ್ತಲಿನ ಕ್ರಷರ್‌ಗಳು, ಹೆದ್ದಾರಿ 44ರಲ್ಲಿ ಜಲ್ಲಿ, ಎಂ-ಸ್ಯಾಂಡ್ ಹೊತ್ತು ಓಡುವ ಟಿಪ್ಪರ್‌ಗಳು ಇಂಥ ಕಲ್ಲನ್ನೇ ಹಿಟ್ಟುಮಾಡಿ ಗಾಳಿಗೆ ತೂರುತ್ತವೆ. ಅದರೊಳಗಿನ ಬೆಣಚಿನ ಗಡಸುತನ ಮೋಸ್ ಮಾಪನದಲ್ಲಿ 7. ನಮ್ಮ ಉಗುರು ಎರಡೂವರೆ. ಕ್ಲಿಯರ್ ಆದರೋ ಪ್ಲಾಸ್ಟಿಕ್ ಜಾತಿಯದು. ಹಿಗ್ಗಿಸಿದ ಕಾರಿನಲ್ಲಿ 50 ಮೈಕ್ರಾನಿನ ಒಂದು ದೂಳಿನ ಕಣ ಎಂದರೆ ಐದು ಸೆಂಟಿಮೀಟರಿನ ಚೂಪು ಜಲ್ಲಿ. ಅಂಥವನ್ನು ಸಾವಿರಗಟ್ಟಲೆ ಹರಡಿ, ಮೇಲೆ ಚಾಪೆ ಹಾಸಿ, ಎರಡು ಬೆರಳು ದಪ್ಪದ ಪ್ಲಾಸ್ಟಿಕ್ಕಿನ ಮೇಲೆ ದಿನಾ ಎಳೆಯುತ್ತಿದ್ದೇವೆ. ಗೀರು ಒಂದೆರಡು ಮಿಲಿಮೀಟರಿಗೆ ನಿಲ್ಲುತ್ತದೆ ಎನ್ನುವುದೇ ಪುಣ್ಯ.

ನೀರು ಹಾಕಿ ತೊಳೆದರೆ ವಾಸಿ, ಆದರೆ ಇಲ್ಲಿಯ ಬೋರ್ ನೀರಿಗೂ ಅದರದೇ ಲೆಕ್ಕವಿದೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕದ ಕೊನೆಯ ಮಿತಿ ಲೀಟರಿಗೆ 600 ಮಿಲಿಗ್ರಾಂ. ಆ ಮಿತಿಯಲ್ಲೇ ಇರುವ ನೀರು ಅರ್ಧ ಲೀಟರ್ ಮೈಮೇಲೆ ಉಳಿದು ಬಿಸಿಲಿಗೆ ಒಣಗಿದರೆ 300 ಮಿಲಿಗ್ರಾಂ ಸುಣ್ಣದಂಶ ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ಹೊಸದಿದ್ದಾಗ ನೀರು ಬೆರೆಸಿದ ವಿನೆಗರ್‌ಗೆ ಬಿಡುತ್ತದೆ, ಹಳತಾದರೆ ಕ್ಲಿಯರನ್ನೇ ಕಚ್ಚಿಹಿಡಿಯುತ್ತದೆ. ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದಂತೂ ದೂರದ ಮಾತು: 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಅದಕ್ಕೆ 5,000 ರೂಪಾಯಿ ದಂಡ ಹಾಕಿತು, ಮರುವರ್ಷ ಮತ್ತೆ.

ಬಿಸಿಲಿನದು ಬೇರೆಯೇ ಕೆಲಸ. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ನೆರಳೇ ಬೀಳದಷ್ಟು ನೆತ್ತಿಯ ಮೇಲೆ ಸೂರ್ಯ. ಕ್ಲಿಯರಿನಲ್ಲಿ ನೇರಳಾತೀತ ಕಿರಣ ಹೀರುವ ರಾಸಾಯನಿಕ ಬೆರೆಸಿರುತ್ತಾರೆ, ಅದು ವರ್ಷಗಳು ಕಳೆದಂತೆ ಮೇಲಿನಿಂದ ಸವೆಯುತ್ತದೆ. ರೂಫು, ಬಾನೆಟ್ ಮೊದಲು ಹೋಗುವುದು ಇದಕ್ಕೇ. ಬಿಳಿ ತೇಪೆಯಾಗಿ ಸಿಪ್ಪೆ ಏಳತೊಡಗಿದರೆ ಮುಗಿಯಿತು. ‘ಸಾರ್, ಇದು ಪಾಲಿಶ್‌ಗೆ ಬರಲ್ಲ, ಕ್ಲಿಯರ್ ಎದ್ದೋಗಿದೆ, ಬಾನೆಟ್ ಪೇಂಟೇ’ ಎಂದು ಪೇಂಟರ್ ಹೇಳಿದರೆ ನಂಬಬಹುದು. ಪಾಲಿಶ್ ಮಾಡಿಕೊಡುತ್ತೇನೆ ಎಂದವನನ್ನು ನಂಬಬಾರದು.

ಸಿಪ್ಪೆ ಎದ್ದಿಲ್ಲ ಎಂದುಕೊಳ್ಳಿ. ಬಲ್ಲವನು ಮೊದಲು ಗೇಜ್ ಹಿಡಿಯುತ್ತಾನೆ. ತಗಡಿನ ಮೇಲಿಟ್ಟರೆ ಬಣ್ಣದ ಒಟ್ಟು ದಪ್ಪ ಹೇಳುವ ಅಂಗೈಯಗಲದ ಯಂತ್ರ. ಪ್ಲಾಸ್ಟಿಕ್ ಬಂಪರಿನ ಮೇಲೆ ಮಾತ್ರ ಮೂಕ. ನೂರರ ಆಚೀಚೆ ತೋರಿಸಿದರೆ ಕಂಪನಿ ಪೇಂಟ್. ಇನ್ನೂರು ದಾಟಿದರೆ ಒಮ್ಮೆ ಮತ್ತೆ ಬಣ್ಣ ಕಂಡಿದೆ. ಐನೂರು, ಸಾವಿರ ತೋರಿಸಿದರೆ ಅಡಿಯಲ್ಲಿ ಪುಟ್ಟಿ, ಅದರ ಹಿಂದೆ ಮಾರಿದವನು ಹೇಳದ ಒಂದು ಆಕ್ಸಿಡೆಂಟ್. ಆಮೇಲೆ ಶಾಂಪೂ ವಾಶ್, ಅಂಟಿದ ಡಾಂಬರು, ಕಬ್ಬಿಣದ ಕಣ ಎಳೆಯುವ ಕ್ಲೇ ಬಾರ್, ಅದಾದ ಮೇಲೆ ಮೆಷಿನ್.

ಮೆಷಿನ್ನಿನ ಪ್ಯಾಡಿಗೆ ಹಚ್ಚುವ ಕಾಂಪೌಂಡಿನಲ್ಲಿ ಉಜ್ಜುವ ಕೆಲಸ ಮಾಡುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್, ಅಂದರೆ ಅಲ್ಯೂಮಿನಾ. ಹೊಳೆಯುವುದೂ ಅಲ್ಯೂಮಿನಿಯಂ, ಆ ಹೊಳಪನ್ನು ಹೊರತೆಗೆಯುವುದೂ ಅದರದೇ ಬೂದಿ. (ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಇಂಥ ವಿಶೇಷ ಅಲ್ಯೂಮಿನಾಗಳನ್ನು ತಯಾರಿಸುತ್ತದೆ.) 2000 ನಂಬರಿನ ವಾಟರ್ ಪೇಪರಿನಲ್ಲಿ ಕಣದ ಗಾತ್ರ ಸುಮಾರು 10 ಮೈಕ್ರಾನ್, ಹಿಗ್ಗಿಸಿದ ಕಾರಿನಲ್ಲಿ ಸೆಂಟಿಮೀಟರ್ ಜಲ್ಲಿ. ಕಾಂಪೌಂಡಿನದು ಅದಕ್ಕಿಂತ ಎಷ್ಟೋ ಸಣ್ಣದು, ಕೊನೆಯ ಪಾಲಿಶ್‌ನದು ಒಂದು ಮೈಕ್ರಾನಿಗೂ ಕೆಳಗೆ. ಗುರಿ ಏನೆಂದರೆ ಉಳಿಯುವ ಗೀರು ಬೆಳಕಿನ ಅಲೆಗಿಂತ ಚಿಕ್ಕದಾಗಬೇಕು. ಹಸಿರು ಬೆಳಕಿನ ಅಲೆಯುದ್ದ 0.55 ಮೈಕ್ರಾನ್. ಅದಕ್ಕಿಂತ ಎಷ್ಟೋ ಕಿರಿದಾದ ಗೀರು ಇದ್ದರೂ ಬೆಳಕಿಗೆ ಗೊತ್ತಾಗುವುದಿಲ್ಲ.

ಡ್ಯುಯಲ್ ಆ್ಯಕ್ಷನ್ ಮೆಷಿನ್ನಿನ ಪ್ಯಾಡ್ 15 ಮಿಲಿಮೀಟರಿನ ಸುತ್ತಿನಲ್ಲಿ ನಿಮಿಷಕ್ಕೆ 4,500 ಬಾರಿ ತಿರುಗುತ್ತದೆ ಎಂದರೆ, ಪ್ಯಾಡಿನ ಪ್ರತಿ ಬಿಂದುವೂ ನಿಮಿಷಕ್ಕೆ 212 ಮೀಟರ್ ಓಡುತ್ತದೆ. ಸುಮಾರು ಎರಡಡಿ ಚೌಕವೊಂದಕ್ಕೆ ಮೂರು ನಿಮಿಷ, ಇಡೀ ಕಾರಿಗೆ ಇಂಥ 28 ಚೌಕ. ಒಂದು ಸುತ್ತಿಗೆ 18 ಕಿಲೋಮೀಟರ್. ಮೊದಲು ಕಾಂಪೌಂಡ್, ಆಮೇಲೆ ಫೈನ್ ಪಾಲಿಶ್, ಎರಡು ಸುತ್ತು ಸೇರಿ 36. ಹತ್ತು ವರ್ಷ ಬಾನೆಟ್ಟಿನ ಮೇಲೆ ಬಟ್ಟೆ ಎಳೆದ ದೂರವನ್ನು ಮೆಷಿನ್ ಒಂದೇ ದಿನದಲ್ಲಿ ಎದುರು ದಿಕ್ಕಿಗೆ ಓಡಿ ತೀರಿಸಿದಂತೆ. ಇಷ್ಟು ಓಡಿ ಅದು ತೆಗೆದದ್ದೆಷ್ಟು? ಸುಮಾರು ಒಂದೂವರೆ ಮೈಕ್ರಾನ್. ಹತ್ತು ಚದರ ಮೀಟರಿಗೆ 15 ಮಿಲಿಲೀಟರ್. ಮೂರು ಟೀ ಚಮಚ ಕ್ಲಿಯರ್ ಕಳೆದದ್ದಕ್ಕೆ ಕಾರು ಹೊಸದಾಯಿತು. ಪಾಲಿಶ್ ಎಂದರೆ ಏನನ್ನೋ ಹಚ್ಚಿಸಿಕೊಳ್ಳುವುದು ಎಂದುಕೊಂಡು ದುಡ್ಡು ಕೊಡುವ ಗಿರಾಕಿಗೆ ಇದನ್ನು ಬಿಡಿಸಿ ಹೇಳುವವರು ಕಮ್ಮಿ.

ಹಚ್ಚುವುದೂ ಇದೆ, ಸೆರಾಮಿಕ್ ಕೋಟಿಂಗ್. ದಪ್ಪ ಒಂದೋ ಎರಡೋ ಮೈಕ್ರಾನ್. ನೀರು ಜಾರಿಸಲು, ಕೊಳೆ ಬೇಗ ಬಿಡಲು ಒಳ್ಳೆಯದು. ಅದನ್ನು ‘9ಎಚ್ ಗಡಸು, ವಜ್ರದ ಹತ್ತಿರ’ ಎಂದು ಮಾರುವವರ ಬಗ್ಗೆ ಮಾತ್ರ ನನಗೆ ತಕರಾರಿದೆ. 9ಎಚ್ ಎನ್ನುವುದು ಪೆನ್ಸಿಲ್ ಪರೀಕ್ಷೆಯ ಅಂಕಿ, 9ಎಚ್ ಪೆನ್ಸಿಲ್ ಗೀಚಿದರೂ ಗೀರು ಬೀಳದು ಎಂದಷ್ಟೇ ಅದರರ್ಥ. ವಜ್ರಕ್ಕೆ 10, ಬೆಣಚಿಗೆ 7 ಕೊಡುವ ಮೋಸ್ ಮಾಪನಕ್ಕೂ ಅದಕ್ಕೂ ನಂಟಿಲ್ಲ. ಕ್ರಷರ್ ದೂಳಿಗೆ ಪೆನ್ಸಿಲ್ ತೋರಿಸಿ ಹೆದರಿಸಲಾಗದು.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಕಾರುಗಳೇ 20 ಲಕ್ಷಕ್ಕೂ ಹೆಚ್ಚು. ಒಂದೊಂದರಿಂದ ಒಂದೇ ಸಲ ಮೂರು ಚಮಚದಂತೆ ತೆಗೆದರೂ 30,000 ಲೀಟರ್ ಪ್ಲಾಸ್ಟಿಕ್ ಹಿಟ್ಟು. ಬೇಸಿಗೆಯಲ್ಲಿ ನೀರು ತರುವ ದೊಡ್ಡ ಟ್ಯಾಂಕರುಗಳಲ್ಲಿ ಎರಡು ಮೂರು ತುಂಬುವಷ್ಟು. ಶೆಡ್ಡಿನ ನೆಲ ತೊಳೆದ ನೀರಿನ ಜೊತೆ ಅದು ಹೋಗುವುದು ಚರಂಡಿಗೆ.

ಕಾರಿನ ಮಾಲೀಕನ ಲೆಕ್ಕ ಇದಕ್ಕಿಂತ ಬಿಗಿ. 40 ಮೈಕ್ರಾನಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮುಟ್ಟದಿರುವುದು ಜಾಣತನ, ಬಿಸಿಲು ತಡೆಯುವ ಶಕ್ತಿ ಉಳಿಯಬೇಕಲ್ಲ. ಕೈಯಲ್ಲಿರುವುದು 10 ಮೈಕ್ರಾನ್. ಒಂದೂವರೆಯಂತೆ ಖರ್ಚು ಮಾಡಿದರೆ ಆರು ಸಲ. ಆರ್‌ಸಿಯ ಮೊದಲ ಅವಧಿ 15 ವರ್ಷ. ಎರಡೂವರೆ ವರ್ಷಕ್ಕೊಮ್ಮೆ ಆಯಿತು. ಆರು ತಿಂಗಳಿಗೊಮ್ಮೆ ಬಫಿಂಗ್ ಮಾಡಿಸಿ ಎನ್ನುವ ಪ್ಯಾಕೇಜಿಗೆ ಸಹಿ ಹಾಕಿದರೆ ಅಷ್ಟೂ ಬಂಡವಾಳ ಮೂರು ವರ್ಷಕ್ಕೆ ಖಾಲಿ.

ಅದೂ ಎಲ್ಲ ಕಡೆ 40 ಇದ್ದರೆ. ಬಾನೆಟ್ಟಿನ ಅಂಚು, ಬಾಗಿಲಿನ ಮೇಲಿನ ಗೆರೆ, ಇಲ್ಲೆಲ್ಲ ಹಸಿ ಬಣ್ಣ ಅಂಚಿನಿಂದ ಹಿಂದೆ ಸರಿದು ಕ್ಲಿಯರ್ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡವೂ ಅಲ್ಲೇ ಹೆಚ್ಚು. ಅನುಭವಸ್ಥರು ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಸುತ್ತಿ ಮೆಷಿನ್ ಹಿಡಿಯುತ್ತಾರೆ. ಆತುರದವರ ಪ್ಯಾಡಿನ ಮೇಲೆ ಇದ್ದಕ್ಕಿದ್ದಂತೆ ಸಿಲ್ವರ್ ಮಸಿ ಕಾಣಿಸಿಕೊಂಡರೆ ಕ್ಲಿಯರ್ ತೂತಾಗಿ ಹಾಳೆಗಳೇ ಕಿತ್ತು ಬರುತ್ತಿವೆ ಎಂದರ್ಥ. ಗಾಯ ಅರ್ಧ ಇಂಚಿನದಾದರೂ ಬಣ್ಣ ಹೊಡೆಯಬೇಕಾದದ್ದು ಇಡೀ ಬಾಗಿಲಿಗೆ. ಕೋಡ್ ನೋಡಿ ಅದೇ ಸಿಲ್ವರ್ ತಂದರೂ ಗನ್ನಿನ ದೂರ, ಗಾಳಿಯ ಒತ್ತಡ, ಥಿನ್ನರ್ ಹಾರುವ ವೇಗ ಒಂಚೂರು ಬದಲಾದರೆ ಹಾಳೆಗಳು ಮಲಗುವ ವಾರೆ ಬದಲಾಗಿ, ಎದುರಿನಿಂದ ಹೊಂದಿದ ಬಣ್ಣ ಪಕ್ಕದಿಂದ ಕಪ್ಪಿಡುತ್ತದೆ. ಚದರ ಮೀಟರ್ ಬಾಗಿಲಿಗೆ ಒಂದೇ ಸಾಲೆಂದರೂ 560 ಕೋಟಿ ಹಾಳೆ, ಕಾರ್ಖಾನೆಯಲ್ಲಿ ಮಲಗಿದ್ದಂತೆಯೇ ಮತ್ತೆ ಮಲಗಬೇಕು. ಪಳಗಿದ ಪೇಂಟರ್ ಅದರ ಗೊಡವೆಗೆ ಹೋಗದೆ, ಪಕ್ಕದ ಬಾಗಿಲಿನ ಅರ್ಧದವರೆಗೆ ಹೊಸ ಬಣ್ಣವನ್ನು ತೆಳುವಾಗಿ ಹಾಯಿಸಿ, ಎರಡಕ್ಕೂ ಸೇರಿಸಿ ಕ್ಲಿಯರ್ ಹೊಡೆಯುತ್ತಾನೆ. ಬಿಲ್ಲಿನಲ್ಲಿ ಎರಡು ಬಾಗಿಲು ಇರುತ್ತದೆ.